ಕದಲದ ಅಕ್ಸೆಲೆರೋಮೀಟರ್: ಮೆಮ್ಸ್ ತಯಾರಿಕೆಯಲ್ಲಿ ಅಂಟುದೋಷವನ್ನು ಪತ್ತೆಹಚ್ಚುವ ಕ್ರಮ

ಕೈಗಾರಿಕಾ ಗ್ರಾಹಕರಿಂದ ಮರಳಿ ಬರುವ ಮೆಮ್ಸ್ ಅಕ್ಸೆಲೆರೋಮೀಟರ್‌ಗಳ (ಸಿಲಿಕಾನಿನಲ್ಲಿ ಕೊರೆದ, ವೇಗೋತ್ಕರ್ಷ ಅಳೆಯುವ ಅತಿಸೂಕ್ಷ್ಮ ಸೆನ್ಸರ್‌ಗಳ) ದೂರಿನ ಚೀಟಿಯಲ್ಲಿ ಹೆಚ್ಚಿನ ವೇಳೆ ಒಂದೇ ಸಾಲು ಇರುತ್ತದೆ: ‘ಔಟ್‌ಪುಟ್ ಬದಲಾಗುತ್ತಿಲ್ಲ.’ ಪಂಪು, ಮೋಟಾರು, ಗೇರ್‌ಬಾಕ್ಸ್‌ಗಳ ಕಂಪನವನ್ನು ಅಳೆಯಲೆಂದು ಕೂರಿಸಿದ ಸೆನ್ಸರ್, ಯಂತ್ರ ಓಡುತ್ತಿದ್ದರೂ ನಿಂತಿದ್ದರೂ ಅದೇ ಅಂಕಿಯನ್ನು ತೋರಿಸುತ್ತಿರುತ್ತದೆ. ಇಂಥದ್ದು ಕೈಗೆ ಬಂದ ಕೂಡಲೇ ಒಳಗಿನ ಚಲಿಸುವ ಭಾಗ ಪಕ್ಕದ ಗೋಡೆಗೆ ಅಂಟಿಕೊಂಡಿದೆ, ಅಂದರೆ ಸ್ಟಿಕ್ಷನ್ ಆಗಿದೆ ಎಂದು ತೀರ್ಮಾನಿಸುವುದು ನಮ್ಮ ಕ್ಷೇತ್ರದಲ್ಲಿ ರೂಢಿಯಾಗಿಬಿಟ್ಟಿದೆ. ಆ ತೀರ್ಮಾನ ಹಲವು ಬಾರಿ ಸರಿಯೇ ಆಗಿರುತ್ತದೆ. ಆದರೆ ಅಂಟಿದ್ದು ಯಾವ ಕಾರಣದಿಂದ, ತಯಾರಿಕೆಯ ಯಾವ ಹಂತದಲ್ಲಿ ಎಂಬುದು ತಿಳಿಯದೆ ಉಳಿದರೆ ಮುಂದಿನ ಲಾಟ್‌ನಲ್ಲೂ ಅದೇ ದೂರು ಬರುತ್ತದೆ. ಈ ದೋಷದ ವಿಚಾರದಲ್ಲಿ ದೊಡ್ಡ ತೊಡಕೆಂದರೆ, ಪರೀಕ್ಷಿಸುವ ಕೆಲಸವೇ ಪುರಾವೆಯನ್ನು ಅಳಿಸಿಹಾಕುವುದು. ಹಾಗಾಗಿ ಯಾವ ಪರೀಕ್ಷೆಯನ್ನು ಯಾವುದರ ನಂತರ ಮಾಡಬೇಕು ಎಂಬುದಕ್ಕೇ ಇಲ್ಲಿ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಎದುರಿಗಿರುವ ವಸ್ತುವಿನ ಅಳತೆ

ಮಾತು ಖಚಿತವಾಗಿರಲೆಂದು ಒಂದು ಮಾದರಿ ವಿನ್ಯಾಸವನ್ನು ಇಟ್ಟುಕೊಳ್ಳೋಣ. 25 ಮೈಕ್ರಾನ್ ದಪ್ಪದ ಸಿಲಿಕಾನ್ ಪದರ, ಅದರ ಅಡಿಯಲ್ಲಿ 2 ಮೈಕ್ರಾನ್ ಆಕ್ಸೈಡ್, ಅದಕ್ಕೂ ಕೆಳಗೆ ದಪ್ಪ ಸಿಲಿಕಾನ್ ಇರುವ ಬಿಲ್ಲೆಯಲ್ಲಿ, ಅಂದರೆ ಎಸ್‌ಒಐ ವೇಫರಿನಲ್ಲಿ ಕೊರೆದ ಸಾಧನ ಅದು. ಚಲಿಸುವ ತೂಕ 500 ಮೈಕ್ರಾನ್ ಉದ್ದ, 500 ಮೈಕ್ರಾನ್ ಅಗಲ. ಅದರ ದ್ರವ್ಯರಾಶಿ ಸುಮಾರು 15 ಮೈಕ್ರೋಗ್ರಾಂ. 3 ಮೈಕ್ರಾನ್ ಅಗಲದ ತೆಳುವಾದ ಸ್ಪ್ರಿಂಗ್‌ಗಳು ಅದನ್ನು ಹಿಡಿದಿವೆ, ಅನುರಣನ ಆವರ್ತನ (ತೂಕ ತಾನಾಗಿ ತೂಗಾಡುವ ಆವರ್ತನ) 5 ಕಿಲೋಹರ್ಟ್ಜ್. ತೂಕದ ಎರಡು ಬದಿಗೂ ಬಾಚಣಿಗೆಯ ಹಲ್ಲುಗಳಂತೆ ಚಾಚಿದ ಎಲೆಕ್ಟ್ರೋಡ್‌ಗಳಿವೆ. ಹಲ್ಲುಗಳ ನಡುವಿನ ಅಂತರ 2 ಮೈಕ್ರಾನ್. ಹಲ್ಲಿಗೆ ಹಲ್ಲು ತಾಗದಿರಲೆಂದು 1.5 ಮೈಕ್ರಾನ್ ಚಲನೆಯ ನಂತರ ತಡೆಗೂಟ ಎದುರಾಗುತ್ತದೆ.

ಇಲ್ಲಿ 1 ಜಿ, ಅಂದರೆ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ ತೂಕ ಕದಲುವುದು ಕೇವಲ 10 ನ್ಯಾನೋಮೀಟರ್. ತಲೆಗೂದಲಿನ ದಪ್ಪ 70 ಮೈಕ್ರಾನ್ ಎಂದುಕೊಂಡರೆ ಇದು ಅದರ ಏಳು ಸಾವಿರದಲ್ಲಿ ಒಂದು ಪಾಲು. ಹಾಗೆ ಕದಲಿಸುವ ಬಲ 0.14 ಮೈಕ್ರೋನ್ಯೂಟನ್. ತೂಕ ತಡೆಗೂಟದವರೆಗೆ ಸರಿದಾಗ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್‌ನ ಬಲ ಸುಮಾರು 21.6 ಮೈಕ್ರೋನ್ಯೂಟನ್. ಅಂಟುವ ಬಲ ಇದಕ್ಕಿಂತ ಹೆಚ್ಚಾದರೆ ತೂಕ ಮರಳುವುದಿಲ್ಲ, ಕಡಿಮೆಯಾದರೆ ಮರಳುತ್ತದೆ. ಮುಂದಿನ ವಿಚಾರಣೆಯೆಲ್ಲ ಈ ಒಂದು ಹೋಲಿಕೆಯ ಸುತ್ತಲೇ ನಡೆಯುತ್ತದೆ.

ತಟ್ಟಬಾರದು, ಬೆಸುಗೆ ಬಿಡಿಸಬಾರದು

ಮರಳಿ ಬಂದ ಸೆನ್ಸರನ್ನು ಪೆನ್ನಿನ ತುದಿಯಿಂದ ಒಮ್ಮೆ ತಟ್ಟಿ, ‘ಈಗ ಸರಿಯಾಯಿತು ನೋಡಿ’ ಎಂದು ತೋರಿಸಿದ ತಂತ್ರಜ್ಞರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಅವರ ಉದ್ದೇಶ ಒಳ್ಳೆಯದೇ, ಆದರೆ ಆ ಕ್ಷಣದಲ್ಲಿ ನಮ್ಮ ಕೈಯಲ್ಲಿದ್ದ ಏಕೈಕ ಸಾಕ್ಷಿ ನಾಶವಾಗಿರುತ್ತದೆ. ಚಿಕ್ಕ ಪ್ಯಾಕೇಜೊಂದು ಚಿಮುಟದಿಂದ ಜಾರಿ ಗಟ್ಟಿ ಮೇಜಿನ ಮೇಲೆ ಬಿದ್ದರೆ ಅದಕ್ಕೆ ಸಾವಿರಾರು ಜಿ ಆಘಾತ ತಗಲುತ್ತದೆ. 1000 ಜಿ ಎಂದರೆ ನಮ್ಮ ಮಾದರಿಯ ತೂಕದ ಮೇಲೆ ಸುಮಾರು 143 ಮೈಕ್ರೋನ್ಯೂಟನ್ ಬಲ, ಸ್ಪ್ರಿಂಗ್ ಎಳೆಯುವುದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಅಂಟಿದ್ದು ಬಿಟ್ಟುಕೊಳ್ಳಲು ಅಷ್ಟು ಸಾಕು.

ಬೋರ್ಡಿನಿಂದ ಬೆಸುಗೆ ಬಿಡಿಸಿ ಕಳುಹಿಸುವಂತೆ ಗ್ರಾಹಕರನ್ನು ಕೇಳುವುದೂ ಇಷ್ಟೇ ದೊಡ್ಡ ತಪ್ಪು. ಸೀಸವಿಲ್ಲದ ಬೆಸುಗೆ ಕರಗಲು ಪ್ಯಾಕೇಜ್ 240 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿಯಾಗುತ್ತದೆ. ಒಳಗಿನ ತೇವದಿಂದ ಅಂಟಿದ್ದರೆ ಆ ಬಿಸಿಯಲ್ಲಿ ತೇವ ಆರಿ, ನಮ್ಮ ಮೇಜಿಗೆ ಬರುವ ವೇಳೆಗೆ ಸೆನ್ಸರ್ ಆರೋಗ್ಯವಾಗಿರುತ್ತದೆ. ಆಗ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳುಹಿಸುತ್ತೇವೆ, ಗ್ರಾಹಕರು ನಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಆದ್ದರಿಂದ ಬೋರ್ಡನ್ನು ಇಡಿಯಾಗಿ, ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿ, ದಪ್ಪ ಮೆತ್ತೆಯ ನಡುವೆ ಇಟ್ಟು ಕಳುಹಿಸಲು ಕೇಳಬೇಕು. ಜೊತೆಗೆ ಮೂರು ಸಂಗತಿಗಳನ್ನು ವಿಚಾರಿಸಬೇಕು: ದೋಷ ಮೊದಲು ಕಂಡಾಗ ಯಂತ್ರ ತಣ್ಣಗಿತ್ತೋ ಬಿಸಿಯಾಗಿತ್ತೋ, ಅದಕ್ಕೆ ಮುಂಚೆ ಬೋರ್ಡು ಎಲ್ಲಾದರೂ ಬಿದ್ದಿತ್ತೋ, ನಿಂತ ಅಂಕಿ ಎಷ್ಟು. ಪೀಣ್ಯದ ಕಾರ್ಖಾನೆಯೊಂದರಿಂದ ಬಂದ ದೂರಿನಲ್ಲಿ ‘ಬೆಳಗಿನ ಪಾಳಿಯ ಮೊದಲ ಅರ್ಧ ಗಂಟೆ ಮಾತ್ರ’ ಎಂಬ ಆರು ಪದಗಳು ನಮ್ಮ ಎರಡು ವಾರದ ಕೆಲಸವನ್ನು ಉಳಿಸಿದ್ದವು. ಯಂತ್ರ ಬಿಸಿಯಾದಂತೆ ದೋಷ ಮಾಯವಾಗುತ್ತಿತ್ತು, ಅಂದರೆ ಹುಡುಕಬೇಕಾದದ್ದು ತೇವವನ್ನು.

ಬೋರ್ಡಿನ ಮೇಲಿರುವಾಗಲೇ

ವಿದ್ಯುತ್ ಪೂರೈಕೆ, ಸಂವಹನದ ತಂತಿಗಳು, ರಿಜಿಸ್ಟರ್‌ಗಳ ಸಂರಚನೆ ಇವುಗಳನ್ನು ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ಚಿಪ್‌ನ ಗುರುತಿನ ಸಂಖ್ಯೆ ಸರಿಯಾಗಿ ಓದಲು ಬಂದು, ತಾಪಮಾನದ ಓದು ಬದಲಾಗುತ್ತಿದ್ದರೆ ಎಲೆಕ್ಟ್ರಾನಿಕ್ಸ್ ಜೀವಂತವಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಆಮೇಲೆ ಬೋರ್ಡನ್ನು ನಿಧಾನವಾಗಿ ಮಗುಚಿ ಧನ 1 ಜಿ, ಋಣ 1 ಜಿ ಓದುಗಳನ್ನು ಪಡೆಯಬೇಕು. 0.14 ಮೈಕ್ರೋನ್ಯೂಟನ್ ಅಂಟನ್ನು ಬಿಡಿಸುವಷ್ಟು ದೊಡ್ಡದಲ್ಲವಾದ್ದರಿಂದ ಈ ಪರೀಕ್ಷೆಯಲ್ಲಿ ಅಪಾಯವಿಲ್ಲ.

ಇಲ್ಲಿ ಎರಡು ಬಗೆಯ ಲಕ್ಷಣಗಳನ್ನು ಬೇರ್ಪಡಿಸಿಕೊಳ್ಳಬೇಕು; ಇದನ್ನು ಮರೆತವರು ಮುಂದೆ ದಾರಿ ತಪ್ಪುವುದು ಖಂಡಿತ. ಔಟ್‌ಪುಟ್ ಅಳತೆಯ ವ್ಯಾಪ್ತಿಯ ಒಂದು ತುದಿಗೆ ಹೋಗಿ ನಿಂತಿದ್ದರೆ ತೂಕ ಪಕ್ಕಕ್ಕೆ ಸರಿದು ಸಿಕ್ಕಿಕೊಂಡಿದೆ ಎಂದರ್ಥ. ಔಟ್‌ಪುಟ್ ಸೊನ್ನೆಯ ಹತ್ತಿರವೇ ಇದ್ದು, ಮಗುಚಿದರೂ ಬದಲಾಗದಿದ್ದರೆ ತೂಕ ಕೆಳಕ್ಕೆ ಕುಸಿದು ತಳದ ಸಿಲಿಕಾನಿಗೆ ಅಂಟಿರುವ ಸಾಧ್ಯತೆ ಹೆಚ್ಚು. ಕೆಳಕ್ಕೆ ಅಂಟಿದಾಗ ಎಡಬಲದ ಅಂತರಗಳು ಸಮನಾಗಿಯೇ ಉಳಿಯುತ್ತವೆ, ಹಾಗಾಗಿ ಎರಡರ ವ್ಯತ್ಯಾಸವನ್ನು ಓದುವ ಸರ್ಕ್ಯೂಟಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಅಂತಿಮ ಪರೀಕ್ಷೆಯಲ್ಲಿ ಸೊನ್ನೆಯ ಓದನ್ನು ಮಾತ್ರ ನೋಡಿ ಕಳುಹಿಸುವ ತಯಾರಕರ ಕೈಯಿಂದ ಇಂಥ ಚಿಪ್‌ಗಳು ಸಲೀಸಾಗಿ ಜಾರಿಹೋಗುತ್ತವೆ. ಸ್ಥಾಯಿವಿದ್ಯುತ್ ಬಲದಿಂದ ತೂಕವನ್ನು ಕದಲಿಸಿ ನೋಡುವ ಸೆಲ್ಫ್-ಟೆಸ್ಟ್ ಪ್ರತಿ ಚಿಪ್‌ಗೂ ಕಡ್ಡಾಯವಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಧಾರಕತೆ, ಆವರ್ತನ, ವೋಲ್ಟೇಜ್

ಚಿಪ್‌ನ ಪರೀಕ್ಷಾ ವಿಧಾನವನ್ನು (ಟೆಸ್ಟ್ ಮೋಡ್) ತೆರೆದು ಎರಡು ಬದಿಯ ಧಾರಕತೆಯನ್ನು (ಹಲ್ಲುಗಳ ಅಂತರಕ್ಕೆ ತಕ್ಕಂತೆ ಬದಲಾಗುವ ಕೆಪಾಸಿಟೆನ್ಸ್) ಪ್ರತ್ಯೇಕವಾಗಿ ಓದುವುದು ಮುಂದಿನ ಹೆಜ್ಜೆ. ನಮ್ಮ ಮಾದರಿಯಲ್ಲಿ ಆರೋಗ್ಯವಂತ ಸಾಧನದ ಪ್ರತಿ ಬದಿಯ ಧಾರಕತೆ ಸುಮಾರು 0.89 ಪಿಕೋಫ್ಯಾರಡ್, ತಂತಿ ಮತ್ತು ಪ್ಯಾಡ್‌ಗಳಿಂದ ಸೇರುವ ಹೆಚ್ಚುವರಿಯನ್ನು ಇದರಿಂದ ಹೊರಗಿಟ್ಟಿದ್ದೇನೆ. ತೂಕ ತಡೆಗೂಟಕ್ಕೆ ಅಂಟಿದ್ದರೆ ಒಂದು ಬದಿಯ ಅಂತರ 0.5 ಮೈಕ್ರಾನಿಗೆ ಇಳಿದು ಧಾರಕತೆ 3.5 ಪಿಕೋಫ್ಯಾರಡ್ ಹತ್ತಿರಕ್ಕೆ ಏರುತ್ತದೆ, ಇನ್ನೊಂದು ಬದಿಯದು 0.5ಕ್ಕೆ ಇಳಿಯುತ್ತದೆ. ತಳಕ್ಕೆ ಅಂಟಿದ್ದರೆ ಹಲ್ಲುಗಳು ಒಂದಕ್ಕೊಂದು ಎದುರಾಗುವ ಎತ್ತರ 25ರಿಂದ 23 ಮೈಕ್ರಾನಿಗೆ ಇಳಿಯುವುದರಿಂದ ಎರಡೂ ಬದಿಯ ಧಾರಕತೆ ಸಮನಾಗಿ ಸುಮಾರು 8 ಶೇಕಡ ಕುಗ್ಗುತ್ತದೆ. ಹಲ್ಲುಗಳ ನಡುವೆ ಕಣ ಸಿಕ್ಕಿದ್ದರೆ ಇವೆರಡಕ್ಕೂ ಹೊಂದದ, ನಡುವಿನ ಯಾವುದೋ ಅಂಕಿ ಬರುತ್ತದೆ. ತಂತಿಯ ಬಾಂಡ್ ಬಿಟ್ಟಿದ್ದರೆ ಆ ಬದಿಯಲ್ಲಿ ಹೆಚ್ಚುವರಿ ಧಾರಕತೆಯೊಂದೇ ಉಳಿಯುತ್ತದೆ, ಅಂದರೆ ಅದು ಅಂಟುದೋಷವೇ ಅಲ್ಲ. ಪ್ಯಾಕೇಜನ್ನು ಮುಟ್ಟದೆಯೇ ಇಷ್ಟು ಗೊತ್ತಾಗುವಾಗ, ಬಂದ ದಿನವೇ ಮುಚ್ಚಳ ಒಡೆಯಲು ಹೊರಡುವ ಆತುರ ನನಗೆ ಅರ್ಥವಾಗುವುದಿಲ್ಲ.

ಸಿಕ್ಕಿಕೊಳ್ಳದ, ಆದರೆ ಅದೇ ವೇಫರಿನ ನೆರೆಹೊರೆಯ ಚಿಪ್‌ಗಳನ್ನು ಕಾದಿಟ್ಟ ದಾಸ್ತಾನಿನಿಂದ ತೆಗೆದು ಈಗ ವೋಲ್ಟೇಜ್ ಪರೀಕ್ಷೆಗೆ ಒಡ್ಡಬೇಕು. ಒಂದು ಬದಿಯ ಎಲೆಕ್ಟ್ರೋಡಿಗೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ, ತೂಕ ಅಂತರದ ಮೂರನೇ ಒಂದು ಭಾಗದಷ್ಟು ಸರಿದ ಮೇಲೆ ತಾಳಲಾರದೆ ತಟಕ್ಕನೆ ತಡೆಗೂಟಕ್ಕೆ ಬಡಿಯುತ್ತದೆ. ನಮ್ಮ ಮಾದರಿಗೆ ಈ ಪುಲ್-ಇನ್ ವೋಲ್ಟೇಜ್ 4.4. ಅಲ್ಲಿಂದ ಇಳಿಸುತ್ತ ಬಂದರೆ, ಅಂಟು ಏನೂ ಇಲ್ಲದ ಸಾಧನ 2.5 ವೋಲ್ಟ್ ಹತ್ತಿರ ಬಿಟ್ಟುಕೊಂಡು ನಡುವಿಗೆ ಮರಳುತ್ತದೆ. ಈ ಎರಡನೇ ಅಂಕಿಗೆ ನಾನು ಬಹಳ ಬೆಲೆ ಕೊಡುತ್ತೇನೆ, ಏಕೆಂದರೆ ಅಂಟುವ ಬಲವನ್ನು ಅದು ನೇರವಾಗಿ ಅಳೆದುಕೊಡುತ್ತದೆ. ಬಿಟ್ಟುಕೊಳ್ಳುವುದು 2.5ರ ಬದಲು 1.5 ವೋಲ್ಟ್‌ನಲ್ಲಾದರೆ, ಆ ವೋಲ್ಟೇಜಿನಲ್ಲಿ ವಿದ್ಯುತ್ ಎಳೆತ ಉಳಿದಿರುವುದು ಸುಮಾರು 8 ಮೈಕ್ರೋನ್ಯೂಟನ್, ಸ್ಪ್ರಿಂಗ್‌ನ 21.6ರಲ್ಲಿ ಮಿಕ್ಕ 13.6 ಮೈಕ್ರೋನ್ಯೂಟನ್ ಅಂಟಿನ ಪಾಲು. ಅಂಥ ಸಾಧನ ಇಂದು ಕೆಲಸ ಮಾಡುತ್ತದೆ, ಸೆಲ್ಫ್-ಟೆಸ್ಟ್ ದಾಟುತ್ತದೆ, ಗ್ರಾಹಕರಿಗೂ ತಲುಪುತ್ತದೆ. ಆದರೆ ಅದರ ಕೈಯಲ್ಲಿ ಉಳಿದಿರುವುದು ಮೂರರಲ್ಲಿ ಒಂದು ಭಾಗದಷ್ಟು ಬಲ ಮಾತ್ರ.

ಇದೇ ಪರೀಕ್ಷೆಯನ್ನು ವೋಲ್ಟೇಜಿನ ದಿಕ್ಕನ್ನು ಅದಲುಬದಲು ಮಾಡಿ ಮತ್ತೊಮ್ಮೆ ನಡೆಸಬೇಕು. ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಧನ, ಋಣ ಎರಡರಲ್ಲೂ ಒಂದೇ ಅಂಕಿ ಬರಬೇಕು. ಒಂದು ದಿಕ್ಕಿನಲ್ಲಿ 3.9, ಇನ್ನೊಂದರಲ್ಲಿ 4.9 ಎಂದು ಬಂದರೆ ಎಲ್ಲೋ ಒಂದು ಆಕ್ಸೈಡ್ ಅಥವಾ ನೈಟ್ರೈಡ್ ಪದರದಲ್ಲಿ ಅರ್ಧ ವೋಲ್ಟಿಗೆ ಸಮನಾದ ವಿದ್ಯುದಂಶ ಸಿಕ್ಕಿಕೊಂಡು ಕುಳಿತಿದೆ. ಆಗ ಹುಡುಕಬೇಕಾದದ್ದು ಒದ್ದೆ ರಾಸಾಯನಿಕಗಳ ಕೋಣೆಯಲ್ಲಿ ಅಲ್ಲ. ಪ್ಲಾಸ್ಮಾ ಹಂತಗಳಲ್ಲಿ ಮತ್ತು ಹೆಚ್ಚು ವೋಲ್ಟೇಜ್ ಬಳಸುವ ಮುಚ್ಚಳದ ಬೆಸುಗೆಯಲ್ಲಿ.

ಪುಲ್-ಇನ್ ಅಂಕಿಯೊಂದನ್ನೇ ನಂಬಿದರೆ ಆಗುವ ಮೋಸವನ್ನು ಬಿಡಿಸಿ ಹೇಳಬೇಕು. ಸಿಲಿಕಾನನ್ನು ನೇರವಾಗಿ ಆಳಕ್ಕೆ ಕೊರೆಯಲು ನಾವೆಲ್ಲ ಬಳಸುವುದು 1990ರ ದಶಕದಲ್ಲಿ ಜರ್ಮನಿಯ ಬಾಷ್ ಕಂಪನಿಯಲ್ಲಿ ರೂಪುಗೊಂಡ ವಿಧಾನ: ಸಲ್ಫರ್ ಹೆಕ್ಸಾಫ್ಲೋರೈಡ್‌ನಿಂದ ಒಂದಿಷ್ಟು ಕೊರೆದು, ಫ್ಲೋರೋಕಾರ್ಬನ್ ಪದರದಿಂದ ಗೋಡೆಗಳನ್ನು ಮುಚ್ಚಿ, ಮತ್ತೆ ಕೊರೆಯುವುದು. ಈ ಎರಡರ ಸಮತೋಲ ತುಸು ತಪ್ಪಿ ಗೋಡೆ ಪ್ರತಿ ಬದಿಗೆ 0.15 ಮೈಕ್ರಾನ್ ಹೆಚ್ಚು ಸವೆಯಿತು ಎನ್ನೋಣ. 3 ಮೈಕ್ರಾನಿನ ಸ್ಪ್ರಿಂಗ್ 2.7 ಆಗುತ್ತದೆ. ಪಕ್ಕಕ್ಕೆ ಬಾಗುವಾಗ ಸ್ಪ್ರಿಂಗ್‌ನ ಗಡಸುತನ ಅಗಲದ ಘನಕ್ಕೆ ಅನುಗುಣವಾದ್ದರಿಂದ ಅದು 27 ಶೇಕಡ ಕುಸಿಯುತ್ತದೆ. ಇಷ್ಟು ಕುಸಿದರೆ ಪುಲ್-ಇನ್ ವೋಲ್ಟೇಜ್ ಎದ್ದು ಕಾಣುವಂತೆ ಇಳಿಯಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದೇ ಸವೆತ ಹಲ್ಲುಗಳ ಅಂತರವನ್ನು 2ರಿಂದ 2.3 ಮೈಕ್ರಾನಿಗೆ ಹಿಗ್ಗಿಸಿರುತ್ತದೆ, ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ಕಡೆಗೆ ಪುಲ್-ಇನ್ 4.4ರ ಬದಲು 4.6 ಎಂದು, ಚೂರು ಮೇಲಕ್ಕೇ ಹೋಗಿ ನಿಲ್ಲುತ್ತದೆ. ಸತ್ಯ ಹೇಳುವುದು ಅನುರಣನ: ಅದು 5 ಕಿಲೋಹರ್ಟ್ಜ್‌ನಿಂದ 4.3ರ ಹತ್ತಿರಕ್ಕೆ ಇಳಿದಿರುತ್ತದೆ, ಧಾರಕತೆಯೂ 13 ಶೇಕಡ ಕಡಿಮೆಯಾಗಿರುತ್ತದೆ. ಹಾಗಾಗಿ ಮೂರನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳದೆ ಯಾವುದರ ಬಗ್ಗೆಯೂ ಮಾತಾಡಬಾರದು. ಈ ಸವೆತ ತಾನೊಂದೇ ಸಾಧನವನ್ನು ಅಂಟಿಸುವುದಿಲ್ಲ. ತಡೆಗೂಟದ ಬಳಿ ಮರಳಿ ಎಳೆಯುವ ಬಲ 12 ಶೇಕಡದಷ್ಟು ತಗ್ಗುತ್ತದೆ, 151 ಜಿ ಬದಲು 132 ಜಿಗೇ ತೂಕ ತಡೆಗೂಟಕ್ಕೆ ತಾಗುತ್ತದೆ. ಬೇರೆ ಕಾರಣದಿಂದ ಅಂಚಿನಲ್ಲಿದ್ದ ಚಿಪ್‌ಗಳನ್ನು ಆಚೆಗೆ ತಳ್ಳಲು ಅಷ್ಟು ಸಾಕಾಗುತ್ತದೆ.

ತಾಪಮಾನದ ಪೆಟ್ಟಿಗೆಯಲ್ಲಿ

ವಿದ್ಯುತ್ ಪರೀಕ್ಷೆಗಳೆಲ್ಲ ಮುಗಿದು, ಅಂಕಿಗಳು ಬರಹದಲ್ಲಿ ದಾಖಲಾದ ಮೇಲೆ ಮಾತ್ರ ದೂರಿಗೆ ಒಳಗಾದ ಬೋರ್ಡನ್ನು ಬಿಸಿ ಮಾಡಬಹುದು. ನಿಮಿಷಕ್ಕೆ 1 ಅಥವಾ 2 ಡಿಗ್ರಿಯಂತೆ ಏರಿಸುತ್ತ, ಧಾರಕತೆಯನ್ನು ನಿರಂತರವಾಗಿ ಓದುತ್ತಿರಬೇಕು. ಯಾವುದೋ ಒಂದು ಬಿಸಿಯಲ್ಲಿ 3.5 ಪಿಕೋಫ್ಯಾರಡ್ ಒಮ್ಮೆಲೇ 0.89ಕ್ಕೆ ಬಿದ್ದರೆ ತೂಕ ಬಿಟ್ಟುಕೊಂಡಿತೆಂದು ತಿಳಿಯಬೇಕು. ಆನಂತರ ತಣಿಸಿ, ಪುಲ್-ಇನ್ ಮಾಡಿ, ಮತ್ತೆ ಅಂಟುತ್ತದೆಯೇ ಎಂದು ನೋಡಬೇಕು. ಬಿಸಿಗೆ ಬಿಟ್ಟು ತಣ್ಣಗಾದಾಗ ಮತ್ತೆ ಅಂಟುವುದು ಒಳಗಿನ ತೇವದ ಲಕ್ಷಣ. ಬಿಸಿಗೂ ಚಳಿಗೂ ಜಗ್ಗದಿದ್ದರೆ ಎರಡು ನಯವಾದ ಮೇಲ್ಮೈಗಳ ನೇರ ಸೆಳೆತ, ಕಣ, ಅಥವಾ ದ್ರವ ಆರಿದಾಗ ಉಳಿದ ಘನ ಶೇಷದ ಸೇತುವೆ ಇವುಗಳಲ್ಲಿ ಒಂದನ್ನು ಶಂಕಿಸಬೇಕು. ಇನ್ನು ಔಟ್‌ಪುಟ್ ಹೆಜ್ಜೆಯಾಗಿ ಜಿಗಿಯದೆ ತಾಪಮಾನದ ಜೊತೆ ನಯವಾಗಿ ಜಾರುತ್ತ ಹೋದರೆ ಅದು ಅಂಟುದೋಷವಲ್ಲ. ಬೋರ್ಡಿನ ಬಾಗುವಿಕೆಯೋ ಅಂಟಿಸಿದ ರಾಳದ ಸೆಳೆತವೋ ಪ್ಯಾಕೇಜಿನ ಮೂಲಕ ಚಿಪ್‌ಗೆ ತಲುಪುತ್ತಿದೆ.

ತೇವ ಎಷ್ಟಿದ್ದರೆ ಹೆಚ್ಚು ಎಂಬುದಕ್ಕೆ ಅಮೆರಿಕದ ಸೇನಾ ಮಾನದಂಡವಾದ ಮಿಲ್-ಎಸ್‌ಟಿಡಿ-883ರ 1018ನೇ ವಿಧಾನ ಒಂದು ಗೆರೆ ಎಳೆದಿದೆ: ಮುಚ್ಚಿದ ಪ್ಯಾಕೇಜಿನೊಳಗಿನ ನೀರಾವಿ ದಶಲಕ್ಷಕ್ಕೆ 5000 ಭಾಗಗಳನ್ನು ಮೀರಬಾರದು. ಸಾಮಾನ್ಯ ಒತ್ತಡದಲ್ಲಿ ಇಷ್ಟು ಆವಿ ಸಾಂದ್ರಗೊಳ್ಳುವುದು ಸೊನ್ನೆ ಡಿಗ್ರಿಗಿಂತ ಕೆಳಗೆ, ಹಾಗಾಗಿ ದ್ರವದ ಬದಲು ಹಿಮವಾಗುತ್ತದೆ. ಆದರೆ ಈ ಗೆರೆಯನ್ನು ಎಳೆದದ್ದು ಮುಖ್ಯವಾಗಿ ಲೋಹ ತುಕ್ಕು ಹಿಡಿಯುವುದನ್ನು ಗಮನದಲ್ಲಿಟ್ಟುಕೊಂಡು. ನ್ಯಾನೋಮೀಟರ್ ಗಾತ್ರದ ಸಂದುಗಳಲ್ಲಿ ಆವಿ ಮಾಮೂಲು ಇಬ್ಬನಿಯ ಬಿಂದುವಿಗಿಂತ ಮೊದಲೇ ದ್ರವವಾಗಬಲ್ಲದು. ಆದ್ದರಿಂದ ಚಲಿಸುವ ಭಾಗಗಳಿರುವ ಸಾಧನಕ್ಕೆ ಈ ಮಿತಿಯೊಳಗಿದ್ದೇವೆ ಎಂಬ ಒಂದೇ ಆಧಾರದಿಂದ ತೇವವನ್ನು ದೋಷಮುಕ್ತವೆಂದು ಘೋಷಿಸಲು ನಾನು ಒಪ್ಪುವುದಿಲ್ಲ.

ವೇಫರಿನ ನಕ್ಷೆ

ಒಂದು ಚಿಪ್‌ನ ವಿಚಾರಣೆಯಿಂದ ಕಾರಣದ ಬಗೆ ತಿಳಿಯುತ್ತದೆ, ಆದರೆ ಕಾರಣದ ಜಾಗ ತಿಳಿಯುವುದು ವೇಫರಿನ ನಕ್ಷೆಯಿಂದ. ಸೋತ ಚಿಪ್‌ಗಳು ವೇಫರಿನ ಯಾವ ಸ್ಥಾನದಿಂದ ಬಂದವು ಎಂದು ಗುರುತು ಹಾಕಿದರೆ ಪ್ರತಿ ಹಂತವೂ ತನ್ನದೇ ರುಜು ಹಾಕಿರುವುದು ಕಾಣುತ್ತದೆ. ಅಂಚಿನ ಸುತ್ತ ಉಂಗುರದಂತೆ ಬಂದರೆ ಆಳದ ಕೊರೆತದ ಅಸಮತೆ, ಒಂದು ಬದಿಯಲ್ಲಿ ಕುಡುಗೋಲಿನ ಆಕಾರ ಬಂದರೆ ಬಿಡುಗಡೆ (ತೂಕದ ಅಡಿಯ ಆಕ್ಸೈಡನ್ನು ಕರಗಿಸಿ ಅದನ್ನು ಚಲಿಸಲು ಬಿಡುವುದು) ಅಥವಾ ಒಣಗಿಸುವ ಹಂತ, ನಿಯತ ಅಂತರದಲ್ಲಿ ಅದೇ ಸ್ಥಾನ ಮರುಕಳಿಸಿದರೆ ವಿನ್ಯಾಸವನ್ನು ವೇಫರಿನ ಮೇಲೆ ಮೂಡಿಸುವ ಅಚ್ಚಿನ, ಅಂದರೆ ಮಾಸ್ಕಿನ ದೋಷ, ಗೊತ್ತುಗುರಿಯಿಲ್ಲದೆ ಚದುರಿದ್ದರೆ ಕಣಗಳು. ಚಿಪ್‌ನ ಗುರುತಿನ ಸಂಖ್ಯೆಯಲ್ಲಿ ವೇಫರಿನ ಮೇಲಿನ ಸ್ಥಾನವನ್ನು ಬರೆದಿಡದ ತಯಾರಕರಿಗೆ ಈ ದಾರಿ ಮುಚ್ಚಿಹೋಗಿರುತ್ತದೆ. ಅಷ್ಟು ಬಿಟ್‌ಗಳನ್ನು ಉಳಿಸಿ ಸಾಧಿಸಿದ್ದೇನು ಎಂಬುದನ್ನು ಅವರು ಯೋಚಿಸಬೇಕು.

ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಹೀಗಾಯಿತು. ಸತತವಾಗಿ ಮೂರು ಲಾಟ್‌ಗಳಲ್ಲಿ ತಳಕ್ಕೆ ಅಂಟಿದ ಚಿಪ್‌ಗಳು ಬಂದವು, ನಕ್ಷೆಯಲ್ಲಿ ಎಲ್ಲವೂ ವೇಫರಿನ ಕಚ್ಚಿನ (ದಿಕ್ಕು ಗುರುತಿಸಲು ಅಂಚಿನಲ್ಲಿರುವ ಗುರುತು) ಎದುರು ಬದಿಯಲ್ಲಿ ಕುಡುಗೋಲಿನ ಆಕಾರದಲ್ಲಿ ಕುಳಿತಿದ್ದವು. ಬಿಡುಗಡೆಗೆ ನಾವು ಬಳಸುತ್ತಿದ್ದದ್ದು ಹೈಡ್ರೋಜನ್ ಫ್ಲೋರೈಡ್ ಆವಿ. ಆಕ್ಸೈಡನ್ನು ಅದು ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲವಾಗಿಸಿ ಒಯ್ಯುತ್ತದೆ, ಆದರೆ ಪ್ರತಿ ಆಕ್ಸೈಡ್ ಅಣುವಿಗೂ ಎರಡು ನೀರಿನ ಅಣುಗಳನ್ನು ಉಳಿಸಿಹೋಗುತ್ತದೆ. ಒಣ ವಿಧಾನ ಎಂದು ಕರೆದರೂ ಅದರೊಳಗೇ ನೀರು ಹುಟ್ಟುತ್ತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆ ನೀರನ್ನು ಆಲ್ಕೋಹಾಲ್ ಆವಿ ಹೊರಗೊಯ್ಯಬೇಕು, ವೇಫರು 40 ಡಿಗ್ರಿ ಆಸುಪಾಸಿನಲ್ಲಿ ಬೆಚ್ಚಗಿರಬೇಕು. ತಣ್ಣಗಾದಷ್ಟೂ ಮೇಲ್ಮೈಯಲ್ಲಿ ನೀರು ಹೆಚ್ಚು ಕೂರುತ್ತದೆ, ಕೂತ ನೀರು ಕ್ರಿಯೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ, ವೇಗ ಹೆಚ್ಚಿದಷ್ಟೂ ನೀರು ಇನ್ನೂ ಹೆಚ್ಚುತ್ತದೆ.

ಯಂತ್ರದ ಪರದೆಯಲ್ಲಿ ತಾಪಮಾನ ಸರಿಯಾಗಿಯೇ ಇತ್ತು. ಆದ್ದರಿಂದ ನಾವು ಒಂದು ವಾರ ಅನಿಲದ ಶುದ್ಧತೆ, ಆಲ್ಕೋಹಾಲಿನ ಹರಿವು ಎಂದು ಬೇರೆಡೆ ಹುಡುಕಿದೆವು. ದಾರಿ ತೋರಿಸಿದ್ದು ಅವಗೆಂಪು ಸೂಕ್ಷ್ಮದರ್ಶಕ. 1.1 ಮೈಕ್ರಾನಿಗಿಂತ ಉದ್ದದ ಅಲೆಗಳಿಗೆ ಸಿಲಿಕಾನ್ ಗಾಜಿನಂತೆ ಪಾರದರ್ಶಕ, ಆದ್ದರಿಂದ ಸ್ಪ್ರಿಂಗ್‌ಗಳನ್ನು ತಳಕ್ಕೆ ಹಿಡಿದಿಡುವ ಲಂಗರುಗಳ ಅಡಿಯಲ್ಲಿ ಆಕ್ಸೈಡ್ ಎಷ್ಟು ದೂರ ಕರಗಿದೆ ಎಂಬ ಗಡಿಗೆರೆ ಮೇಲಿನಿಂದಲೇ ಕಾಣುತ್ತದೆ. ಆರೋಗ್ಯವಾಗಿದ್ದ ಬದಿಯಲ್ಲಿ ಆ ಗೆರೆ ನೇರವಾಗಿ, ಎಲ್ಲ ಲಂಗರುಗಳಲ್ಲೂ ಒಂದೇ ಸಮನಾಗಿ ಇತ್ತು. ಕುಡುಗೋಲಿನ ಬದಿಗೆ ಬಂದಂತೆ ಗೆರೆ ಒಳಗೊಳಗೆ ಸರಿಯುತ್ತ ಹೋಗಿ, ಕೊನೆಯ ಸಾಲಿನಲ್ಲಿ ಅಂಚು ಹಲ್ಲುಹಲ್ಲಾಗಿ, ಕೆಲವೆಡೆ ಒಣಗಿದ ಹನಿಯ ಸುತ್ತಿನಂತಹ ಕಲೆಯೂ ಕಂಡಿತು. ಅಲ್ಲಿ ಕ್ರಿಯೆ ವೇಗವಾಗಿ ನಡೆದಿದೆ, ಅಂದರೆ ಆ ಬದಿ ತಣ್ಣಗಿತ್ತು. ಯಂತ್ರ ತೆರೆದು ನೋಡಿದಾಗ, ನಿರ್ವಹಣೆಯ ವೇಳೆ ಬದಲಿಸಿದ್ದ ಹಿಡಿಕೆಗಳಲ್ಲಿ ಒಂದು ಪೂರ್ತಿ ಕೂತಿರಲಿಲ್ಲ. ವೇಫರಿನ ಆ ಅಂಚು ಬಿಸಿ ತಟ್ಟೆಯಿಂದ ಎದ್ದಿತ್ತು. ತಾಪಮಾನದ ಸಂವೇದಕ ಇದ್ದದ್ದು ತಟ್ಟೆಯೊಳಗೆ, ವೇಫರಿನ ಮೇಲಲ್ಲ, ಹಾಗಾಗಿ ಅದಕ್ಕೆ ಇದಾವುದೂ ತಿಳಿಯಲಿಲ್ಲ. ಹಿಡಿಕೆಯನ್ನು ಸರಿಪಡಿಸಿದ ನಂತರದ ಮೊದಲ ವೇಫರಿನಲ್ಲೇ ಗೆರೆ ಎಲ್ಲೆಡೆ ಸಮನಾಯಿತು. ಅಂದಿನಿಂದ ಪ್ರತಿ ನಿರ್ವಹಣೆಯ ಬಳಿಕ ಒಂದು ಪರೀಕ್ಷಾ ವೇಫರನ್ನು ಓಡಿಸಿ, ಐದು ಸ್ಥಾನಗಳಲ್ಲಿ ಈ ಗೆರೆಯನ್ನು ಅಳೆಯದೆ ಯಂತ್ರವನ್ನು ಉತ್ಪಾದನೆಗೆ ಬಿಡುತ್ತಿರಲಿಲ್ಲ.

ದ್ರವದಲ್ಲಿ ಬಿಡುಗಡೆ ಮಾಡುವವರಿಗೆ ಸಮಸ್ಯೆ ಇನ್ನೂ ನೇರ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಐಸೋಪ್ರೊಪೈಲ್ ಆಲ್ಕೋಹಾಲಿನದು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ 2 ಮೈಕ್ರಾನಿನ ಸಂದಿನಲ್ಲಿ ಆರುತ್ತಿರುವ ಯಾವ ದ್ರವವೂ ತೂಕವನ್ನು ತಳಕ್ಕೆಳೆಯುತ್ತದೆ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಮತ್ತು ಸುಮಾರು 74 ಬಾರ್ ಒತ್ತಡದ ಆಚೆಗೆ ಒಯ್ದು, ದ್ರವ ಮತ್ತು ಅನಿಲದ ನಡುವಿನ ಮೇಲ್ಮೈಯೇ ಇಲ್ಲದಂತೆ ಮಾಡಿ ಒಣಗಿಸುವುದು ಇದಕ್ಕೆ ಖಚಿತವಾದ ಉಪಾಯ. ಹಾಗೆ ಮಾಡಿಯೂ ಅಂಟುತ್ತಿದ್ದರೆ, ಆಲ್ಕೋಹಾಲನ್ನು ಪೂರ್ತಿ ಹೊರದೂಡುವಷ್ಟು ಹೊತ್ತು ದ್ರವ ಡೈಆಕ್ಸೈಡ್ ಹರಿಯುತ್ತಿದೆಯೇ ಎಂಬುದನ್ನೇ ಮೊದಲು ನೋಡಬೇಕು. ಉತ್ಪಾದನೆಯ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಆ ನಿಮಿಷಗಳಿಗೇ.

ಬಿಡುಗಡೆಯ ನಂತರದ ಹಂತಗಳು

ಬಿಡುಗಡೆಯಾದ ವೇಫರಿಗೆ ನೀರನ್ನು ದೂರವಿಡುವ ಫ್ಲೋರಿನ್‌ಯುಕ್ತ ಏಕಾಣು ಪದರವನ್ನು ಲೇಪಿಸುವುದು ವಾಡಿಕೆ. ಲೇಪ ಸರಿಯಾಗಿದೆಯೇ ಎಂದು ತಿಳಿಯಲು ಜೊತೆಗೆ ಓಡಿಸಿದ ಸಾಕ್ಷಿ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಸಾಕು. ಕೆಸುವಿನ ಎಲೆಯ ಮೇಲಿನ ಹನಿಯಷ್ಟು ದುಂಡಗಲ್ಲದಿದ್ದರೂ, ಹನಿ ಎದ್ದು ನಿಂತು ಸ್ಪರ್ಶಕೋನ 100 ಡಿಗ್ರಿ ದಾಟಬೇಕು. ಹನಿ ಹರಡಿಕೊಂಡರೆ ಲೇಪ ಹಿಡಿದಿಲ್ಲ. ಆದರೆ ಈ ಪರೀಕ್ಷೆಯನ್ನು ಲೇಪದ ಬೆನ್ನಿಗೇ ಮಾಡಿ ತೃಪ್ತರಾಗುವವರೇ ಹೆಚ್ಚು. ಗ್ಲಾಸ್ ಫ್ರಿಟ್‌ನಿಂದ (ಕರಗಿಸಿ ಅಂಟಿಸುವ ಗಾಜಿನ ಪುಡಿ) ಮುಚ್ಚಳ ಬೆಸೆಯುವಾಗ ತಾಪಮಾನ 430 ಡಿಗ್ರಿಯ ಹತ್ತಿರಕ್ಕೆ ಅಥವಾ ಅದಕ್ಕೂ ಮೇಲಕ್ಕೆ ಹೋಗುತ್ತದೆ, ಅಷ್ಟು ಬಿಸಿಯಲ್ಲಿ ಸಾವಯವ ಪದರ ಹಾಳಾಗುವ ಅಪಾಯವಿದೆ. ಹಾಗಾಗಿ ಅದೇ ಸಾಕ್ಷಿ ತುಂಡನ್ನು ಬೆಸುಗೆಯ ತಾಪಮಾನ ಚಕ್ರಕ್ಕೂ ಒಡ್ಡಿ, ಮತ್ತೊಮ್ಮೆ ಹನಿ ಬಿಟ್ಟು ನೋಡಬೇಕು.

ಗಾಜಿನ ಮುಚ್ಚಳವನ್ನು ಆನೋಡಿಕ್ ವಿಧಾನದಲ್ಲಿ ಬೆಸೆಯುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ನೂರಾರು ವೋಲ್ಟ್‌ಗಳನ್ನು ಹಚ್ಚುವುದರಿಂದ ತೂಕ ಗಾಜಿನ ಕಡೆಗೆ ಸೆಳೆಯಲ್ಪಟ್ಟು ಅಲ್ಲೇ ಅಂಟಿಬಿಡಬಹುದು. ಗಾಜಿನ ಒಳಮೈಯಲ್ಲಿ ತೂಕದ ಎದುರಿಗೆ ಲೋಹದ ಪದರವಿಟ್ಟು, ಅದನ್ನು ತೂಕದೊಂದಿಗೆ ಒಂದೇ ವಿಭವದಲ್ಲಿ ಜೋಡಿಸಿದರೆ ಸೆಳೆತ ಇಲ್ಲವಾಗುತ್ತದೆ. ಮುಚ್ಚಳ ಹಾಕುವ ಮುಂಚೆ ವೇಫರುಗಳು ಕಾಯುವ ಸಮಯಕ್ಕೂ ಒಂದು ಮಿತಿ ಇರಲೇಬೇಕು. ಶುಕ್ರವಾರ ಸಂಜೆ ಬಿಡುಗಡೆಯಾಗಿ ಸೋಮವಾರದವರೆಗೆ ತೆರೆದ ಪೆಟ್ಟಿಗೆಯಲ್ಲಿ ಕಾದ ವೇಫರು, ಅದೇ ದಿನ ಮುಚ್ಚಿದ ವೇಫರಿನಂತೆ ಎಂದೂ ಇರುವುದಿಲ್ಲ.

ಕೊನೆಗೆ ತೆರೆಯುವುದು

ಇಷ್ಟಾದ ಮೇಲೂ ಅನುಮಾನ ಉಳಿದರೆ ಮಾತ್ರ ಪ್ಯಾಕೇಜನ್ನು ತೆರೆಯಬೇಕು. ಅಷ್ಟರಲ್ಲಿ ಏನನ್ನು ಹುಡುಕುತ್ತಿದ್ದೇವೆ ಎಂಬುದು ಒಂದು ಸಾಲಿನಲ್ಲಿ ಬರೆಯುವಷ್ಟು ಸ್ಪಷ್ಟವಾಗಿರಬೇಕು. ಮೊದಲು ಮುಚ್ಚಳದ ಮೂಲಕವೇ ಅವಗೆಂಪಿನಲ್ಲಿ ನೋಡಬೇಕು. ಲೋಹದ ಪದರ ಅಡ್ಡವಿಲ್ಲದಿದ್ದರೆ ದೊಡ್ಡ ಕಣಗಳೂ ಮುರಿದ ಸ್ಪ್ರಿಂಗೂ ಅಲ್ಲೇ ಕಾಣುತ್ತವೆ. ಮುಚ್ಚಳ ತೆಗೆದ ನಂತರ ಬೆಳಕಿನ ವ್ಯತಿಕರಣ ಮಾಪಕದಿಂದ ತೂಕದ ಎತ್ತರವನ್ನು ಅಳೆಯಬೇಕು, ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದರ ನಂತರ. ಇಲೆಕ್ಟ್ರಾನ್ ಕಿರಣ ತೇಲುವ ಭಾಗಗಳಿಗೆ ವಿದ್ಯುದಂಶ ತುಂಬಿ, ಹಲ್ಲುಗಳನ್ನು ನಮ್ಮ ಕಣ್ಣೆದುರೇ ಪಕ್ಕಕ್ಕೆ ಎಳೆದು ಅಂಟಿಸಬಲ್ಲದು, ಆಗ ಹೊಸದಾಗಿ ಹುಟ್ಟಿದ ದೋಷವನ್ನೇ ಹಳೆಯದೆಂದು ಓದುವ ಅಪಾಯವಿರುತ್ತದೆ. ತೂಕವನ್ನು ಎತ್ತಿ ತಳವನ್ನು ನೋಡುವಾಗ ಆಕ್ಸೈಡಿನ ಗಡಿಯಲ್ಲಿ ಸಿಲಿಕಾನಿನ ಬುಡ ಕೊರೆದುಹೋಗಿದೆಯೇ ಎಂಬುದನ್ನೂ ಗಮನಿಸಬೇಕು. ಕೊರೆತ ಆಕ್ಸೈಡನ್ನು ಮುಟ್ಟಿದ ಮೇಲೂ ಮುಂದುವರಿದರೆ ಆಕ್ಸೈಡ್ ಮೇಲೆ ಸೇರಿದ ವಿದ್ಯುದಂಶ ಅಯಾನುಗಳನ್ನು ಪಕ್ಕಕ್ಕೆ ತಿರುಗಿಸಿ ಬುಡವನ್ನು ತಿನ್ನಿಸುತ್ತದೆ, ಆ ತೆಳು ಅಂಚಿನ ಚೂರುಗಳೇ ಮುಂದೆ ಸಂದಿಗೆ ಬೀಳುವ ಕಣಗಳಾಗುತ್ತವೆ.

ಈ ಉಪಕರಣಗಳೆಲ್ಲ ಸಣ್ಣ ತಯಾರಕರ ಬಳಿ ಇರುವುದು ಅಪರೂಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನವರೂ ಬಳಸಬಹುದಾದ ತಯಾರಿಕಾ ಮತ್ತು ಪರೀಕ್ಷಾ ಸೌಲಭ್ಯಗಳಿವೆ. ಮಾದರಿಯ ಜೊತೆ ಮೇಲೆ ಹೇಳಿದ ಅಂಕಿಗಳನ್ನೂ ನಕ್ಷೆಯನ್ನೂ ಒಯ್ದರೆ ಸೂಕ್ಷ್ಮದರ್ಶಕದ ಮುಂದಿನ ಸಮಯ ಅರ್ಧಕ್ಕೆ ಇಳಿಯುತ್ತದೆ.

ಪರಿಹಾರ ನಿಜವೇ ಎಂದು ತಿಳಿಯುವುದು

ಕಾರಣ ಸಿಕ್ಕಿತೆಂದು ನಂಬಬೇಕಾದರೆ ದೋಷವನ್ನು ನಾವೇ ಬೇಕೆಂದು ಹುಟ್ಟಿಸಿ ತೋರಿಸಬೇಕು, ಆಮೇಲೆ ನಿಲ್ಲಿಸಿಯೂ ತೋರಿಸಬೇಕು. ಒಂದೇ ಲಾಟ್‌ನ ವೇಫರುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ಕ್ರಮ, ಇನ್ನೊಂದಕ್ಕೆ ಹೊಸ ಕ್ರಮ ಅನುಸರಿಸಿ, ಎರಡರಿಂದಲೂ ಸಮಾನ ಸ್ಥಾನಗಳ ಚಿಪ್‌ಗಳನ್ನು ತೆಗೆದುಕೊಳ್ಳಬೇಕು. ಅವುಗಳ ಬಿಟ್ಟುಕೊಳ್ಳುವ ವೋಲ್ಟೇಜನ್ನು ಅಳೆದು, ಮಿಲ್-ಎಸ್‌ಟಿಡಿ-883ರ 2002ನೇ ವಿಧಾನದ 1500 ಜಿ, ಅರ್ಧ ಮಿಲಿಸೆಕೆಂಡಿನ ಆಘಾತಗಳಿಗೆ ಒಡ್ಡಿ, ಮತ್ತೆ ಅಳೆಯಬೇಕು. ಎಷ್ಟು ಚಿಪ್ ಸೋತವು ಎಂಬ ಎಣಿಕೆಯೊಂದನ್ನೇ ನೋಡಿದರೆ ನೂರಾರು ಚಿಪ್‌ಗಳು ಬೇಕಾಗುತ್ತವೆ; ಬಿಟ್ಟುಕೊಳ್ಳುವ ವೋಲ್ಟೇಜ್ ಎಷ್ಟು ಸರಿದಿದೆ ಎಂದು ನೋಡಿದರೆ ಕೆಲವೇ ಡಜನ್‌ಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನಮ್ಮ ಮಾದರಿ ವಿನ್ಯಾಸಕ್ಕಾದರೆ, ಆಘಾತದ ನಂತರವೂ ಎಲ್ಲ ಚಿಪ್‌ಗಳು 2.2 ವೋಲ್ಟ್‌ಗಿಂತ ಮೇಲೆಯೇ ಬಿಟ್ಟುಕೊಂಡರೆ ಮಾತ್ರ ನಾನು ಹೊಸ ಕ್ರಮಕ್ಕೆ ಸಹಿ ಹಾಕುತ್ತೇನೆ. ಆಗಲೂ ಅಂಟಿನ ಪಾಲು 4.5 ಮೈಕ್ರೋನ್ಯೂಟನ್ ಇರಬಹುದು, ಆದರೆ ಸ್ಪ್ರಿಂಗ್‌ನ ಕೈಯಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಬಲ ಇರುತ್ತದೆ. ಪ್ರತಿ ವೇಫರಿನ ಐದು ಚಿಪ್‌ಗಳಲ್ಲಿ ಈ ಅಂಕಿಯನ್ನು ಮುಂದೆಯೂ ಅಳೆಯುತ್ತಿರಬೇಕು, ಮತ್ತು ಅಳೆದ ಚಿಪ್‌ಗಳನ್ನು ಗ್ರಾಹಕರ ಬಳಿ ಆ ಲಾಟ್‌ನ ಖಾತರಿ ಅವಧಿ ಮುಗಿಯುವವರೆಗೆ ಒಣ ನೈಟ್ರೋಜನ್ ಪೆಟ್ಟಿಗೆಯಲ್ಲಿ ಇಟ್ಟಿರಬೇಕು.